‘ಕನ್ನಡಕದ ದೈತ್ಯ’ ಲೇಖನ ಕಳಿಸಿದವರಿಗೆ

ನಮಸ್ಕಾರ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಜಾರ್ಜ್ ಮೈಕನ್ (1924–2005) ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆವು. ಈಗಿರುವಂತೆ ಅಚ್ಚು ಹಾಕಲಾಗದು. ತಿದ್ದಿ ಕಳಿಸಿದರೆ ಖಂಡಿತ ಹಾಕುವ ಮನಸ್ಸಿದೆ, ಅದಕ್ಕೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

‘6 ಅಡಿ 10 ಇಂಚಿನ ಎತ್ತರವೇ ಅವರ ಭಾಗ್ಯ’ ಎಂದು ಮೊದಲ ಪುಟದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಲೇಖನ ಕೆಟ್ಟಿರುವುದು ಅಲ್ಲೇ. 1940ರ ದಶಕದ ಆರಂಭದಲ್ಲಿ ಅಷ್ಟು ಎತ್ತರದ ಹುಡುಗನೆಂದರೆ ಕೈಕಾಲು ಸ್ವಾಧೀನದಲ್ಲಿಲ್ಲದವನು ಎಂದೇ ಬಹಳ ಕೋಚ್‌ಗಳ ಎಣಿಕೆ. ನೋಟರ್ ಡೇಮ್ ವಿಶ್ವವಿದ್ಯಾಲಯದ ಕೋಚ್ ಮೈಕನ್‌ರನ್ನು ನೋಡಿ ವಾಪಸ್ ಕಳಿಸಿದರು. ಪಾದ್ರಿಯಾಗುವ ಆಸೆ ಹೊತ್ತಿದ್ದ, ದಪ್ಪ ಗಾಜಿನ ಕನ್ನಡಕದ ಈ ಹುಡುಗನನ್ನು ಆಟಗಾರನನ್ನಾಗಿ ಮಾಡಿದ್ದು ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ 1942ರಲ್ಲಿ ಬಂದ ಕೋಚ್ ರೇ ಮೇಯರ್. ಹಗ್ಗ ಜಿಗಿಸಿದರು, ಬಾಕ್ಸಿಂಗ್ ವರಸೆ ಮಾಡಿಸಿದರು, ಡಾನ್ಸ್ ಕಲಿಯಲು ಕಳಿಸಿದರು. ಇದಕ್ಕೆ ನೀವು ಕೊಟ್ಟಿರುವುದು ‘ಕಠಿಣ ತರಬೇತಿ ಪಡೆದರು’ ಎಂಬ ಮೂರೇ ಪದ!

ಆ ತರಬೇತಿಯಲ್ಲಿ ಒಂದನ್ನಾದರೂ ಓದುಗರ ಕಣ್ಣಿಗೆ ಕಟ್ಟುವಂತೆ ಬರೆಯಿರಿ. ‘ಮೈಕನ್ ಡ್ರಿಲ್’ ಇಂದಿಗೂ ಎಲ್ಲ ಕಡೆ ಕಲಿಸುವ ಅಭ್ಯಾಸ. ಬುಟ್ಟಿಯ ಕೆಳಗೆ ನಿಲ್ಲಬೇಕು. ಬಲಬದಿಗೆ ಎಡಗಾಲು ಹಾಕಿ ಮೇಲೆದ್ದು, ಬಲಗೈಯಿಂದ ಚೆಂಡನ್ನು ಹಲಗೆಗೆ ತಾಗಿಸಿ ಒಳಗೆ ಹಾಕಬೇಕು. ಬಲೆಯಿಂದ ಬಿದ್ದ ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದು, ಎಡಬದಿಗೆ ಬಲಗಾಲು ಹಾಕಿ ಎಡಗೈಯಿಂದ ಅದೇ ಕೆಲಸ. ಹೊಸಬರು ತಪ್ಪುವುದು ಒಂದೇ ಕಡೆ: ಹಿಡಿದ ಚೆಂಡನ್ನು ಸೊಂಟದವರೆಗೆ ಇಳಿಸುತ್ತಾರೆ. ಹಾಗೆ ಇಳಿಸಿದರೆ ಎತ್ತರವಿದ್ದೂ ವ್ಯರ್ಥ, ಗಿಡ್ಡ ಎದುರಾಳಿಯೂ ಕಿತ್ತುಕೊಳ್ಳುತ್ತಾನೆ. ಚೆಂಡು ಗಲ್ಲಕ್ಕಿಂತ ಮೇಲೇ ಇರಬೇಕು. ಇಷ್ಟು ಬರೆದರೆ, ಎರಡೂ ಕೈಯಲ್ಲಿ ಹುಕ್ ಶಾಟ್ (ಬುಟ್ಟಿಗೆ ಪಕ್ಕವಾಗಿ ನಿಂತು, ಒಂದೇ ಕೈಯನ್ನು ತಲೆಯ ಮೇಲಿಂದ ಬೀಸಿ ಎಸೆಯುವುದು) ಹೊಡೆಯುತ್ತಿದ್ದ ಆಟಗಾರ ಹೇಗೆ ತಯಾರಾದ ಎಂಬುದು ವಿಶೇಷಣಗಳ ಹಂಗಿಲ್ಲದೆ ತಿಳಿಯುತ್ತದೆ.

ಇನ್ನು ತಪ್ಪುಗಳು. ಅವರ ತಂಡ ಲಾಸ್ ಏಂಜಲೀಸ್ ಲೇಕರ್ಸ್ ಎಂದಿದ್ದೀರಿ, ಮೈಕನ್ ಆಡಿದ್ದು ಮಿನಿಯಾಪೊಲಿಸ್ ಲೇಕರ್ಸ್‌ಗೆ. ತಂಡ ಲಾಸ್ ಏಂಜಲೀಸ್‌ಗೆ ಹೋದದ್ದು 1960ರಲ್ಲಿ. ‘ಏಳು ಸಲ ಎನ್‌ಬಿಎ ಚಾಂಪಿಯನ್’ ಎಂದಿದ್ದೀರಿ. ಏಳು ಪ್ರಶಸ್ತಿ ನಿಜ, ಆದರೆ ಎಲ್ಲವೂ ಎನ್‌ಬಿಎ ಎಂಬ ವೃತ್ತಿಪರ ಲೀಗ್‌ನದ್ದಲ್ಲ, ಲೀಗ್ ಮೂರು. 1947ರಲ್ಲಿ ಶಿಕಾಗೋ ಗೇರ್ಸ್ ಪರವಾಗಿ, 1948ರಲ್ಲಿ ಲೇಕರ್ಸ್ ಪರವಾಗಿ ಗೆದ್ದದ್ದು ಎನ್‌ಬಿಎಲ್ ಎಂಬ ಲೀಗ್. 1949ರದ್ದು ಬಿಎಎ ಎಂಬ ಇನ್ನೊಂದು ಲೀಗ್. ಆ ವರ್ಷ ಎರಡು ಲೀಗ್‌ಗಳೂ ಕೂಡಿ ಎನ್‌ಬಿಎ ಆಯಿತು. ಆ ಹೆಸರಿನಲ್ಲಿ ಗೆದ್ದದ್ದು 1950, 1952, 1953, 1954. ಬಿಎಎ ಋತುಗಳನ್ನೂ ಎನ್‌ಬಿಎ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದರಿಂದ ಐದು ಎನ್ನಬಹುದು, ಏಳು ಎನ್ನಲಾಗದು. ‘ದೂರದಿಂದ ಮೂರು ಪಾಯಿಂಟ್ ಬಾರಿಸುತ್ತಿದ್ದರು’ ಎಂಬ ಸಾಲನ್ನು ಹೊಡೆದುಹಾಕಿ. ಅವರ ಕಾಲದ ಎನ್‌ಬಿಎಯಲ್ಲಿ ಆಚೆಯಿಂದ ಎಸೆದರೆ ಮೂರು ಪಾಯಿಂಟ್ ಕೊಡುವ ಗೆರೆಯೇ ಇರಲಿಲ್ಲ. 1967ರಲ್ಲಿ ಶುರುವಾದ ಎಬಿಎ ಎಂಬ ಹೊಸ ಲೀಗ್‌ಗೆ ಮೊದಲ ಕಮಿಷನರ್ ಆಗಿ ಆ ಗೆರೆಯನ್ನೂ, ಕೆಂಪು-ಬಿಳಿ-ನೀಲಿ ಚೆಂಡನ್ನೂ ತಂದವರು ಇದೇ ಮೈಕನ್. ಇಂಥ ಸಂಗತಿ ಕೈಯಲ್ಲಿರುವಾಗ ಇಲ್ಲದ್ದನ್ನು ಬರೆಯುವುದೇಕೆ?

1950ರ ನವೆಂಬರ್ 22ರ ಪಂದ್ಯವನ್ನು ನೀವು ‘ನೀರಸ’ ಎಂದು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಇಡೀ ಲೇಖನದ ಜೀವ ಅಲ್ಲಿದೆ. ಮೈಕನ್ ಕೈಗೆ ಚೆಂಡು ಸಿಗದಿರಲೆಂದು ಎದುರಾಳಿ ತಂಡ ಫೋರ್ಟ್ ವೇನ್ ಪಿಸ್ಟನ್ಸ್ ಚೆಂಡನ್ನು ಹಿಡಿದು ಸುಮ್ಮನೆ ನಿಂತಿತು. ಇಷ್ಟು ಹೊತ್ತಿನೊಳಗೆ ಎಸೆಯಲೇಬೇಕು ಎಂಬ ನಿಯಮ ಆಗ ಇರಲಿಲ್ಲ. 48 ನಿಮಿಷದ ಆಟ ಮುಗಿದಾಗ 19–18, ಗೆದ್ದದ್ದು ಪಿಸ್ಟನ್ಸ್. ಲೇಕರ್ಸ್‌ನ 18ರಲ್ಲಿ 15 ಮೈಕನ್‌ದೇ. ಆದರೆ ‘ಇದರಿಂದ ಮರುವರ್ಷವೇ 24 ಸೆಕೆಂಡಿನ ಗಡಿಯಾರ ಬಂತು’ ಎಂದು ಬರೆಯಬೇಡಿ. ಅದು ಬಂದದ್ದು 1954–55ರ ಋತುವಿನಲ್ಲಿ. ಒಂದು ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಎಸೆಯುತ್ತವೆ, 2,880 ಸೆಕೆಂಡನ್ನು 120ರಿಂದ ಭಾಗಿಸಿದರೆ 24 ಎಂಬುದು ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಕಡೆಯವರ ಲೆಕ್ಕ.

ನಡುವೆ ಇನ್ನೊಂದು ನಿಯಮ ಬದಲಾಯಿತು, ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ಬುಟ್ಟಿಯ ಮುಂದಿನ ಲೇನ್ 6 ಅಡಿ ಅಗಲವಿತ್ತು. ದಾಳಿ ಮಾಡುವ ತಂಡದವರು ಅದರೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಗೆರೆಯ ಹೊರಗೆ ನಿಂತರೂ ಮೈಕನ್‌ಗೆ ಬುಟ್ಟಿ ಒಂದೇ ಹೆಜ್ಜೆ. 1951–52ಕ್ಕೆ ಲೇನ್ 12 ಅಡಿಯಾಯಿತು. ಪಂದ್ಯವೊಂದಕ್ಕೆ ಅವರು ಗಳಿಸುವ ಪಾಯಿಂಟ್‌ಗಳ ಸರಾಸರಿ 28.4ರಿಂದ 23.8ಕ್ಕೆ ಇಳಿಯಿತು. ಹಾಗಿದ್ದೂ ಲೇಕರ್ಸ್ ಮುಂದಿನ ಮೂರು ವರ್ಷವೂ ಗೆದ್ದಿತು, ಏಕೆಂದರೆ ಮೈಕನ್ ಹೊರಗೆ ಸರಿದಾಗ ನಡುವೆ ಜಾಗ ತೆರವಾಗಿ ಜಿಮ್ ಪೊಲಾರ್ಡ್‌ನಂಥ ಸಹ ಆಟಗಾರರಿಗೆ ನುಗ್ಗಲು ದಾರಿಯಾಯಿತು. ಗಡಿಯಾರ ಬರುವ ಹೊತ್ತಿಗೆ ಮೈಕನ್ ನಿವೃತ್ತರು. 1955–56ರಲ್ಲಿ ಮರಳಿ ಬಂದು 37 ಪಂದ್ಯ ಆಡಿದರು, ಸರಾಸರಿ 10.5. ವೇಗ ಹೆಚ್ಚಿದ ಆಟ ಅವರನ್ನು ಹಿಂದೆ ಬಿಟ್ಟಿತ್ತು. ಈ ಇಳಿತವನ್ನು ನೀವು ಗೌರವಕ್ಕಾಗಿ ಮರೆಮಾಡಿದ್ದೀರಿ. ಬರೆಯಿರಿ, ಅವರ ಗೌರವಕ್ಕೆ ಕುಂದಿಲ್ಲ.

ಬಾಲ್ಯದ ಎರಡು ಪುಟವನ್ನು ಅರ್ಧ ಪುಟಕ್ಕೆ ಇಳಿಸಿ. ‘ಮಹಾನ್’, ‘ಅದ್ವಿತೀಯ’, ‘ಧ್ರುವತಾರೆ’ ತೆಗೆಯಿರಿ. 1957–58ರ ಋತುವಿನಲ್ಲಿ ಲೇಕರ್ಸ್ ಕೋಚ್ ಆಗಿ 9 ಗೆಲುವು 30 ಸೋಲು ಕಂಡದ್ದನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಕೊನೆಯ ವರ್ಷಗಳಿಗೆ ಹೆಚ್ಚು ಜಾಗ ಕೊಡಿ. ಮಧುಮೇಹದಿಂದ ಕಾಲು ಹೋಗಿತ್ತು, ಡಯಾಲಿಸಿಸ್ ನಡೆಯುತ್ತಿತ್ತು. 1965ಕ್ಕೆ ಮುಂಚೆ ಆಡಿದವರ ಅಲ್ಪ ಪಿಂಚಣಿ ಹೆಚ್ಚಿಸಬೇಕೆಂದು ಅವರು ದನಿಯೆತ್ತಿದ್ದರು. 2005ರ ಜೂನ್ 1ರಂದು ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚು ಕೊಡಲು ಮುಂದೆ ಬಂದದ್ದು ಮುಂದಿನ ತಲೆಮಾರಿನ ಎನ್‌ಬಿಎ ಆಟಗಾರ ಶಕೀಲ್ ಓನೀಲ್. ಇಷ್ಟನ್ನೂ ಬಿಟ್ಟು ‘ನಕ್ಷತ್ರ ಅಸ್ತಂಗತವಾಯಿತು’ ಎಂದು ಮುಗಿಸಿದ್ದೀರಿ. ಆ ಕೊನೆಯ ಪ್ಯಾರಾವನ್ನು ಮೊದಲು ತಿದ್ದಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ.