ಟರೆಟ್ ಪ್ರೆಸ್ ಕೇಳಿದ ಮಧುಗಿರಿಯ ತಮ್ಮನಿಗೆ

ತಮ್ಮ, ಟೆಕ್ಸಾಸ್‌ಗೆ ಹೋಗಿ ಎಂಟು ತಿಂಗಳಾಯಿತು, ಆಫೀಸಿನವರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗುವ ರೂಢಿಯಾಗಿದೆ, ಅವರ ಹಾಗೆ ಮನೆಯಲ್ಲೇ ಖಾಲಿ ತೋಟಾಕ್ಕೆ ಮದ್ದು, ಗುಂಡು ತುಂಬಬೇಕು, ಅದಕ್ಕೆ ಬೇಕಾದ ಕೈಯಂತ್ರ, ಟರೆಟ್ ಪ್ರೆಸ್, ಯಾವುದು ತಗೊಳ್ಳಲಿ ಅಣ್ಣ ಅಂತ ಕೇಳಿದ್ದೀಯ. ನಾನೀಗ ರಜೆಗೆ ತುಮಕೂರಿಗೆ ಬಂದಿದ್ದೇನೆ. ನಿನ್ನ ಪ್ರಶ್ನೆಯನ್ನು ಅಮ್ಮನಿಗೆ ಓದಿ ಹೇಳಿದೆ. "ಮದ್ದು ಮನೇಲಿ ಇಟ್ಕೊಂಡು ಹೆಂಗೋ ನಿದ್ದೆ ಮಾಡ್ತಾರೆ?" ಅಂದಳು. ಓಹಾಯೋದ ಗ್ಯಾರೇಜಿನಲ್ಲಿ ಒಂಬತ್ತು ವರ್ಷದಿಂದ ನಾನೂ ಅದನ್ನೇ ಮಾಡುತ್ತಿದ್ದೇನೆ ಅಂತ ಹೇಳುವ ಧೈರ್ಯ ಬರಲಿಲ್ಲ.

ಪ್ರೆಸ್ ವಿಚಾರ ಆಮೇಲೆ. ನಿನ್ನ ಹತ್ತಿರ ಯಾವ ವೀಸಾ ಇದೆ ಅಂತ ನೀನು ಬರೆದಿಲ್ಲ. ಎಚ್-1ಬಿ, ಎಚ್-4, ಎಫ್-1 ಥರದ ತಾತ್ಕಾಲಿಕ ವೀಸಾ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅಂತ ಅಲ್ಲಿನ ಕೇಂದ್ರದ ಕಾನೂನೇ ಹೇಳುತ್ತದೆ. ಒಂದೇ ಒಂದು ತೋಟಾ ಇದ್ದರೂ ಅಪರಾಧ. ರೇಂಜ್‌ನಲ್ಲಿ ಬಂದೂಕು ಬಾಡಿಗೆಗೆ ತೆಗೆದುಕೊಂಡು ಹೊಡೆಯುವುದೂ ಅದರಲ್ಲೇ ಬರುತ್ತದೆ. ಬೇಟೆಯ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ. ಆದರೆ ಗೆಳೆಯರ ಮಾತು ನಂಬಿ ಮುಂದುವರಿಯಬೇಡ, ವಕೀಲರನ್ನು ಕೇಳು. ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದೀನಲ್ಲ ಅನ್ನಬೇಡ. ಅರ್ಜಿ ಹಾಕಿದ್ದು ಬೇರೆ, ಕಾರ್ಡ್ ಕೈಗೆ ಬಂದಿದ್ದು ಬೇರೆ. ಸಿಕ್ಕಿಬಿದ್ದರೆ ಜೈಲೂ ಆಗಬಹುದು, ಊರಿಗೂ ಕಳಿಸಬಹುದು. ನಾನಂತೂ ಕಾರ್ಡ್ ಬರುವ ತನಕ ಮುಟ್ಟಲಿಲ್ಲ.

ಕಾರ್ಡ್ ಇದೆ ಅಂದುಕೊಂಡೇ ಮುಂದಿನದು ಬರೆಯುತ್ತೇನೆ.

ನಮ್ಮ ತಾತನ ಹತ್ತಿರ ಕೊರಟಗೆರೆ ಕಡೆಯ ಹೊಲಕ್ಕೆ ಅಂತ ಒಂಟಿ ನಳಿಗೆಯ ಬಂದೂಕು ಇತ್ತು. ಕಡಲೆಕಾಯಿಗೆ ಹಂದಿ ಬೀಳುತ್ತಿತ್ತು, ಅದಕ್ಕೆ ಲೈಸೆನ್ಸ್ ಸಿಕ್ಕಿತ್ತು. ಎಲೆಕ್ಷನ್ ಬಂತು ಅಂದರೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಠಾಣೆಗೆ ಒಪ್ಪಿಸಿ ಬರಬೇಕು. ತೋಟಾ ಲೆಕ್ಕವೂ ಬರೆದಿಡಬೇಕು. ಖಾಲಿ ತೋಟಾಕ್ಕೆ ತಾನೇ ಮದ್ದು ತುಂಬುವುದಂತೂ ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಆಗದ ಮಾತು. 1959ರ ಆಯುಧ ಕಾಯ್ದೆಯಲ್ಲಿ ಅದು ತಯಾರಿಕೆ ಆಗುತ್ತದೆ. ಅಲ್ಲಿ ಅದೇ ಕೆಲಸ ಭಾನುವಾರದ ಹವ್ಯಾಸ. ಸ್ವಂತಕ್ಕೆ ತುಂಬಿಕೊಳ್ಳಲು ಕೇಂದ್ರದ ಲೈಸೆನ್ಸ್ ಬೇಡ, ಮಾರಿದರೆ ಬೇಕು. ಗೆಳೆಯನಿಗೂ ಮಾರಬೇಡ.

ಈಗ ಪ್ರೆಸ್. ಮೂರು ಜಾತಿ ಇದೆ. ಸಿಂಗಲ್ ಸ್ಟೇಜ್‌ನಲ್ಲಿ ಒಂದೇ ಡೈ, ಅಂದರೆ ತೋಟಾವನ್ನು ಅಳತೆಗೆ ತರುವ, ಗುಂಡು ಕೂರಿಸುವ ಅಚ್ಚು, ಕೂರುತ್ತದೆ. ನೂರು ತೋಟಾಕ್ಕೆ ಒಂದು ಕೆಲಸ ಮುಗಿಸಿ, ಡೈ ಬಿಚ್ಚಿ ಇನ್ನೊಂದು ಹಾಕಿ, ಮತ್ತೆ ನೂರಕ್ಕೂ ಮಾಡಬೇಕು. ಪ್ರೊಗ್ರೆಸಿವ್‌ನಲ್ಲಿ ಹಿಡಿ ಎಳೆದಾಗಲೆಲ್ಲ ನಾಲ್ಕೈದು ತೋಟಾದ ಮೇಲೆ ಒಟ್ಟಿಗೆ ಕೆಲಸ ನಡೆಯುತ್ತದೆ. ಟರೆಟ್ ಇವೆರಡರ ನಡುವಿನದು. ತಲೆ ಗುಂಡಗಿರುತ್ತದೆ, ಅದರಲ್ಲಿ ನಾಲ್ಕರಿಂದ ಎಂಟರ ತನಕ ಡೈ. ಕೆಳಗೆ ಇರುವುದು ಒಂದೇ ತೋಟಾ. ತಲೆ ಮಾತ್ರ ತಿರುಗುತ್ತದೆ.

ಆ "ಒಂದೇ ತೋಟಾ" ಅನ್ನುವುದೇ ನನಗೆ ಮುಖ್ಯ. ಯಾಕೆ ಅಂತ ಹೇಳುತ್ತೇನೆ.

ಶುರುವಿನಲ್ಲಿ ನನ್ನದು ಸಿಂಗಲ್ ಸ್ಟೇಜ್. ಐವತ್ತು ಖಾಲಿ ತೋಟಾ ಹಲಗೆಯ ತೂತುಗಳಲ್ಲಿ ನಿಲ್ಲಿಸಿ ಮದ್ದು ಹಾಕುತ್ತಿದ್ದೆ. ಅಷ್ಟರಲ್ಲಿ ಊರಿಂದ ಫೋನ್. ಅಕ್ಕನ ಮನೆಯ ಗೃಹಪ್ರವೇಶದ ಮಾತು, ಇಪ್ಪತ್ತು ನಿಮಿಷ ಹೋಯಿತು. ವಾಪಸ್ ಬಂದು ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದ ಅಂದುಕೊಂಡು ಮುಂದುವರಿಸಿದೆ. ಮುಂದಿನ ಶನಿವಾರ ರೇಂಜ್‌ನಲ್ಲಿ ಒಂದು ಸಲ "ಢಂ" ಅನ್ನುವ ಬದಲು "ಟಪ್" ಅಂತು. ಕೈಗೆ ಒದೆತವೇ ಇಲ್ಲ. ಮದ್ದಿಲ್ಲದ ತೋಟಾ. ಮದ್ದಿಗೆ ಕಿಡಿ ಕೊಡಲು ತೋಟಾದ ತಳದಲ್ಲಿ ಕೂರುವ ಪ್ರೈಮರ್ ಒಂದೇ ಸಿಡಿದು ಗುಂಡನ್ನು ನಳಿಗೆಯ ಅರ್ಧದ ತನಕ ತಳ್ಳಿ ಬಿಟ್ಟಿತ್ತು. ನನ್ನ ಬೆರಳು ಮತ್ತೆ ಒತ್ತಲು ಹೊರಟಿತ್ತು. ಪಕ್ಕದ ಮುದುಕ "ಸ್ಟಾಪ್!" ಅಂತ ಕೂಗಿದ. ಇನ್ನೊಂದು ಹೊಡೆದಿದ್ದರೆ ನಳಿಗೆ ಸೀಳುತ್ತಿತ್ತು. ಇವತ್ತು ಈ ಬೆರಳಲ್ಲಿ ಟೈಪ್ ಮಾಡುತ್ತಿರಲಿಲ್ಲ.

ಟರೆಟ್‌ನಲ್ಲಿ ಹಾಗೆ ಎಲ್ಲಿ ಬಿಟ್ಟೆ ಅನ್ನುವ ಪ್ರಶ್ನೆ ಕಡಿಮೆ. ಹಿಡಿ ಒಮ್ಮೆ ಎಳೆದರೆ ಹಳೆ ಪ್ರೈಮರ್ ಉದುರಿ ತೋಟಾ ಅಳತೆಗೆ ಬರುತ್ತದೆ, ಹಿಡಿ ಮೇಲೆ ಹೋಗುವಾಗ ಹೊಸ ಪ್ರೈಮರ್ ಕೂರಿಸುತ್ತೀಯ. ಎರಡನೆಯದಕ್ಕೆ ಬಾಯಿ ಅಗಲವಾಗಿ ಮದ್ದು ಬೀಳುತ್ತದೆ. ಇಲ್ಲಿ ನಿಲ್ಲು. ಬಗ್ಗಿ ಒಳಗೆ ನೋಡು. ಪ್ರೆಸ್ ಪಕ್ಕದಲ್ಲಿ ಕತ್ತು ಬಗ್ಗುವ ಒಂದು ಪುಟ್ಟ ಲೈಟ್ ಸಿಕ್ಕಿಸಿದ್ದೇನೆ, ಅದರ ಬೆಳಕು ನೇರ ತೋಟಾದ ಹೊಟ್ಟೆಗೆ ಬೀಳುತ್ತದೆ. ಬೂದು ಬಣ್ಣದ ಮದ್ದು ದಿನಾ ನೋಡುವ ಮಟ್ಟದಲ್ಲಿದೆಯಾ? ಆಮೇಲೆ ಗುಂಡು ಇಡು. ಮೂರನೆಯದಕ್ಕೆ ಗುಂಡು ಕೂರುತ್ತದೆ, ನಾಲ್ಕನೆಯದಕ್ಕೆ ಬಾಯಿ ಬಿಗಿಯಾಗುತ್ತದೆ. ಗಂಟೆಗೆ 120, 150 ಆಗುತ್ತದೆ ನನ್ನ ಕೈಯಲ್ಲಿ. ಇನ್ನೂರು ಮಾಡುವವರಿದ್ದಾರೆ. ಮಾಡಿಕೊಳ್ಳಲಿ.

ಪಿಸ್ತೂಲಿಗೆ ಮಾತ್ರ ಅಂದರೆ ಲೀ ಕಂಪನಿಯ ಕ್ಲಾಸಿಕ್ ಟರೆಟ್ ಸಾಕು. ನಾಲ್ಕು ಡೈ, ತಲೆ ತಾನಾಗಿ ತಿರುಗುತ್ತದೆ. ಬೇರೆ ಅಳತೆಯ ತೋಟಾ ಬೇಕಾದಾಗ ಡೈಗಳ ಸಮೇತ ತಲೆಯನ್ನೇ ಎತ್ತಿ ಇನ್ನೊಂದು ಇಡಬಹುದು, ಅದೇ ಅದರ ಸುಖ. ತಿರುಗಿಸುವ ಕಡ್ಡಿ ತೆಗೆದರೆ ಸಿಂಗಲ್ ಸ್ಟೇಜ್ ಹಾಗೂ ಬಳಸಬಹುದು. ಕಲಿಯುವಾಗ ಮೊದಲ ತಿಂಗಳು ಹಾಗೇ ಮಾಡು. ರೈಫಲ್ಲೂ ಇದೆ ಅಂದರೆ ರೆಡ್ಡಿಂಗ್ ಟಿ-7 ನೋಡು. ಏಳು ಡೈ, ಗಟ್ಟಿ ಎರಕ, ಬೆಲೆ ಜಾಸ್ತಿ. ತಲೆ ಕೈಯಲ್ಲೇ ತಿರುಗಿಸಬೇಕು. ಲೈಮನ್‌ದು ಎಂಟು ಡೈಯದು ಇದೆ, ಅದೂ ಕೈಯಲ್ಲೇ. ನಿನಗೆ ಎಂಟು ಯಾಕೆ? ಪಿಸ್ತೂಲಿಗೆ ಕಾರ್ಬೈಡ್ ಅನ್ನುವ ತೀರಾ ಗಟ್ಟಿ ವಸ್ತುವಿನ ಡೈ ತಗೋ, ಎಣ್ಣೆ ಸವರುವ ರಗಳೆ ಇಲ್ಲ. ರೈಫಲ್ ತೋಟಾಕ್ಕೆ ಸವರಲೇಬೇಕು, ಇಲ್ಲದಿದ್ದರೆ ಡೈಯೊಳಗೆ ಕಚ್ಚಿಕೊಂಡು ಕೂತುಬಿಡುತ್ತದೆ.

ಪ್ರೆಸ್‌ಗೆ ಹಾಕುವ ದುಡ್ಡಲ್ಲಿ ಸ್ವಲ್ಪ ಉಳಿಸಿ ಒಳ್ಳೆಯ ತಕ್ಕಡಿ ತಗೋ. ಮದ್ದಿನ ಅಳತೆಗೆ ಮದ್ದಿನ ಕಂಪನಿ ಛಾಪಿಸಿದ ಪುಸ್ತಕವೊಂದೇ ಆಧಾರ. ಯಾರೋ ಹೇಳಿದ ಅಳತೆ ಬೇಡ, ನನ್ನದೂ ಬೇಡ, ಅದಕ್ಕೇ ಇಲ್ಲಿ ಒಂದಂಕಿಯೂ ಬರೆದಿಲ್ಲ. ದುಡ್ಡು ಉಳಿಯುತ್ತದೆ ಅಂತ ಮಾತ್ರ ಹೊರಡಬೇಡ. 9 ಎಂಎಂ ಪಿಸ್ತೂಲಿನ ತೋಟಾ ಅಂಗಡಿಯಲ್ಲೇ ಅಗ್ಗಕ್ಕೆ ಸಿಗುತ್ತದೆ. ದುಡ್ಡು ಉಳಿದರೂ ಅದಕ್ಕೆ ಇನ್ನಷ್ಟು ಹೊಡೆಯುತ್ತೀಯ, ಅಷ್ಟೇ.

ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಬಾಡಿಗೆ ಕರಾರು ಓದು, ಮದ್ದು ಇಡಬಾರದು ಅಂತ ಇರಬಹುದು. ಮೂರು ವರ್ಷಕ್ಕೊಂದು ಕೆಲಸ ಬದಲಿಸುವವನಾದರೆ ಡಬ್ಬಿಗಟ್ಟಲೆ ಕೂಡಿಡಬೇಡ, ಮನೆ ಸಾಮಾನು ಸಾಗಿಸುವವರು ಮದ್ದು, ಪ್ರೈಮರ್ ಮುಟ್ಟುವುದಿಲ್ಲ. ಊಟದ ಮೇಜಿನ ಮೇಲೆ ಈ ಕೆಲಸ ಬೇಡವೇ ಬೇಡ. ಸೀಸದ ಧೂಳು ಕಣ್ಣಿಗೆ ಕಾಣುವುದಿಲ್ಲ, ಆಮೇಲೆ ಅದೇ ಕೈಯಲ್ಲಿ ಮುದ್ದೆ ಮುರಿಯುತ್ತೀಯ.

ರೇಂಜ್‌ಗೆ ಒಯ್ಯುವ ಬ್ಯಾಗನ್ನು ಊರಿಗೆ ಬರುವಾಗ ತರಬೇಡ. ದೇವನಹಳ್ಳಿಯ ಏರ್‌ಪೋರ್ಟ್‌ನಲ್ಲಿ ಒಂದು ತೋಟಾ ಸಿಕ್ಕರೂ ಪೊಲೀಸ್ ಕೇಸು. ಈ ಸಲ ಹೊರಡುವ ಮುಂಚೆ ಎಲ್ಲ ಜೇಬು ಮಗುಚಿ ನೋಡಿದೆ, ಏನೂ ಇರಲಿಲ್ಲ. ಕೊನೆಗೆ ಶೂ ತಿರುಗಿಸಿದರೆ ಅಟ್ಟೆಯ ಸಂದಿಯಲ್ಲಿ ಒಂದು ಪುಟ್ಟ ಖಾಲಿ ತೋಟಾ ಸಿಕ್ಕಿಕೊಂಡಿತ್ತು.

ವೀಸಾ ಯಾವುದು, ಬಂದೂಕು ಯಾವ ಅಳತೆಯದು, ಎರಡನ್ನೂ ಬರಿ. ಹದಿನೈದರ ತನಕ ಇಲ್ಲೇ ಇರುತ್ತೇನೆ.