ಕಾಗುಣಿತ ಬದಲಾದರೆ ಕುಟುಂಬವೂ ಬೇರೆಯೇ?

ಪ್ರಶ್ನೆ: ಹಳೆಯ ದಾಖಲೆಗಳಲ್ಲಿ ನಮ್ಮ ಕುಲನಾಮದ ಕಾಗುಣಿತ ತಲೆಮಾರಿಗೊಂದು ಬಗೆಯಾಗಿದೆ, ಮಧ್ಯನಾಮ ಮಾತ್ರ ಮೂರು ತಲೆಮಾರಿನಿಂದ ಒಂದೇ. ಇವರೆಲ್ಲ ಒಂದೇ ವಂಶದವರೇ?

ಉತ್ತರ: ಕಾಗುಣಿತವೊಂದನ್ನೇ ನೋಡಿ ದಯವಿಟ್ಟು ಯಾರನ್ನೂ ವಂಶದಿಂದ ಹೊರಗಿಡಬೇಡಿ. ಹಳೆಯ ದಾಖಲೆಗಳಲ್ಲಿ ಹೆಸರನ್ನು ಬರೆದವರು ಹೆಚ್ಚಾಗಿ ಆ ಹೆಸರಿನವರಲ್ಲ, ಕಿವಿಗೆ ಬಿದ್ದಂತೆ ಬರೆದುಕೊಂಡ ಗುಮಾಸ್ತರು. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಪದ್ಧತಿಯು ಹೆಸರುಗಳನ್ನು ಉಚ್ಚಾರಣೆಯ ಆಧಾರದಲ್ಲಿ ಜೋಡಿಸುವುದರಿಂದ, ಅದರ ಇಂದಿನ ರೂಪದಲ್ಲಿ ‘ಸ್ಮಿತ್’ ಮತ್ತು ‘ಸ್ಮೈತ್’ ಎರಡಕ್ಕೂ ಎಸ್‌530 ಎಂಬ ಒಂದೇ ಸಂಕೇತ ದೊರೆಯುತ್ತದೆ.

ನಿಮ್ಮ ನಿಜವಾದ ಸುಳಿವು ಮಧ್ಯನಾಮದಲ್ಲಿದೆ ಎಂದು ನನಗನ್ನಿಸುತ್ತದೆ. ಅದು ಎಷ್ಟೋ ಸಲ ತಾಯಿಯ ಅಥವಾ ಅಜ್ಜಿಯ ತವರಿನ ಕುಲನಾಮವಾಗಿರುತ್ತದೆಯಾದ್ದರಿಂದ, ಆ ಹೆಸರು ಮೊದಲು ಕಾಣಿಸಿಕೊಂಡ ತಲೆಮಾರಿಗಿಂತ ಹಿಂದಿನ ವಿವಾಹ ನೋಂದಣಿಗಳಲ್ಲಿ ವಧುವಿನ ಅಂಕಣವನ್ನು ಪರಿಶೀಲಿಸಿ. ಅದು ಕುಟುಂಬದ ಆಪ್ತರೊಬ್ಬರ ಹೆಸರೂ ಆಗಿರಬಹುದು. ಆದ್ದರಿಂದ ಊರು, ವಯಸ್ಸು, ಸಾಕ್ಷಿಗಳ ಹೆಸರು ತಾಳೆಯಾದ ಮೇಲಷ್ಟೇ ನಂಟನ್ನು ಬರೆದಿಡಿ.