ವೈದ್ಯರ ಉತ್ತರ: ಪುಸ್ತಕದಲ್ಲಿ 130, ಮೀಟರಿನಲ್ಲಿ ಬೇರೆ

ಪ್ರಶ್ನೆ: ಹದಿನಾರು ವರ್ಷದ ನನ್ನ ಮಗಳಿಗೆ ಮೂರು ವರ್ಷಗಳಿಂದ ಟೈಪ್ 1 ಮಧುಮೇಹವಿದೆ. ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಅವಳು ಬರೆದಿಡುವ ಪುಸ್ತಕದಲ್ಲಿ ಸಕ್ಕರೆ ಪ್ರಮಾಣ ಯಾವಾಗಲೂ 130ರ ಆಸುಪಾಸಿನಲ್ಲಿರುತ್ತದೆ. ಆದರೆ ಶಿವಮೊಗ್ಗದಲ್ಲಿ ಮಾಡಿಸಿದ ಎಚ್‌ಬಿಎ1ಸಿ 10 ಬಂದಿತು. ಗ್ಲುಕೋಮೀಟರ್ ತೆರೆದು ನೋಡಿದರೆ ಎಷ್ಟೋ ದಿನ ಪರೀಕ್ಷೆಯನ್ನೇ ಮಾಡಿಲ್ಲ. ಗದರಿದರೆ ಅಳುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಪರೀಕ್ಷೆ, ಅದು 10 ಇದ್ದರೆ ಸರಾಸರಿ ಸಕ್ಕರೆ ಸುಮಾರು 240 ಮಿಲಿಗ್ರಾಂ ಇದ್ದಿತೆಂದು ಅರ್ಥ. ಆದ್ದರಿಂದ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆದರೂ ದಯವಿಟ್ಟು ಗದರಬೇಡಿ. ಮೀಟರಿನಲ್ಲಿ 280 ಕಂಡ ಕೂಡಲೇ ಮನೆಯವರೆಲ್ಲ 'ಏನು ತಿಂದೆ?' ಎಂದು ಕೇಳಿದರೆ, ಮರುದಿನ ಆ ಅಂಕಿಯನ್ನು ಮುಚ್ಚಿಡುವುದೇ ಮಗುವಿಗೆ ಸುಲಭವೆನಿಸುತ್ತದೆ. ಈ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುವುದರಿಂದ, ಅದೇ ಕಡುಬು ತಿಂದು ಅದೇ ಪ್ರಮಾಣದ ಇನ್ಸುಲಿನ್ ತೆಗೆದುಕೊಂಡರೂ ಹಿಂದಿನ ವರ್ಷಕ್ಕಿಂತ ಸಕ್ಕರೆ ಹೆಚ್ಚಬಹುದು; ಮುಟ್ಟಿನ ದಿನಗಳು, ಜ್ವರ, ಪರೀಕ್ಷೆಯ ಆತಂಕ ಇವೂ ಅದನ್ನು ಏರಿಸುತ್ತವೆ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಆದರೆ ಪುಸ್ತಕದ 130ನ್ನು ನಂಬಿ ವೈದ್ಯರು ಇನ್ಸುಲಿನ್ ಪ್ರಮಾಣವನ್ನು ಹೆಚ್ಚಿಸದೆ ಬಿಟ್ಟರೆ, ಅದರಿಂದ ಹಾನಿಯಾಗುವುದು ಅವಳ ಕಣ್ಣಿಗೆ, ಮೂತ್ರಪಿಂಡಕ್ಕೆ. 13ರಿಂದ 39 ವರ್ಷದವರನ್ನು ಒಳಗೊಂಡು 1993ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು, ದಿನಕ್ಕೆ ನಾಲ್ಕಾರು ಬಾರಿ ಸಕ್ಕರೆ ನೋಡಿಕೊಂಡು ಇನ್ಸುಲಿನ್ ಹೊಂದಿಸಿಕೊಂಡವರಲ್ಲಿ ಈ ಹಾನಿ ಬಹಳಷ್ಟು ಕಡಿಮೆಯಾದುದನ್ನು ತೋರಿಸಿತು.

ಸದ್ಯಕ್ಕೆ ಹಳೆಯ ಪುಸ್ತಕದ ಮಾತನ್ನು ಬಿಟ್ಟುಬಿಡಿ. ಪ್ರತಿ ಊಟಕ್ಕೆ ಮುಂಚೆ ಮತ್ತು ಮಲಗುವ ಮುಂಚೆ ಪರೀಕ್ಷಿಸಿಕೊಳ್ಳಲಿ, ಬೆರಳಿನ ತುದಿಗಿಂತ ಬದಿಯಲ್ಲಿ ಚುಚ್ಚಿದರೆ ನೋವು ಕಡಿಮೆ. ಅಂಕಿ ಎಷ್ಟೇ ಬರಲಿ, 'ಈಗ ಏನು ಮಾಡೋಣ?' ಎಂದಷ್ಟೇ ಕೇಳಿ. ಕೆಲವು ದಿನ ನೀವೇ ಪಕ್ಕದಲ್ಲಿ ಕುಳಿತು ಬರೆದುಕೊಡಿ. ಮುಂದಿನ ಭೇಟಿಗೆ ಪುಸ್ತಕದ ಜೊತೆಗೆ ಮೀಟರನ್ನೂ ಒಯ್ಯಿರಿ, ವೈದ್ಯರೊಡನೆ ಅವಳೊಬ್ಬಳೇ ಸ್ವಲ್ಪ ಹೊತ್ತು ಮಾತನಾಡಲು ಬಿಡಿ.

ಎರಡು ಸಂದರ್ಭಗಳಲ್ಲಿ ಮಾತ್ರ ಕಾಯುವಂತಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಕಾಲೇಜಿನ ಬಸ್ಸು ಹತ್ತುವಾಗ ಅವಳ ಚೀಲದಲ್ಲಿ ಗ್ಲುಕೋಸ್ ಪುಡಿ ಇರಲೇಬೇಕು. ಇನ್ನು, ಸಕ್ಕರೆ 250 ದಾಟಿದ್ದು ವಾಂತಿ ಅಥವಾ ಹೊಟ್ಟೆನೋವು ಇದ್ದರೆ, ಊಟ ಸೇರದಿದ್ದರೂ ಇನ್ಸುಲಿನ್ ನಿಲ್ಲಿಸದೆ, ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸಿದಾಗ ಉಂಟಾಗುವ ಆಮ್ಲ) ಇದೆಯೇ ಎಂದು ಪರೀಕ್ಷಾ ಪಟ್ಟಿಯಿಂದ ನೋಡಿ ಕೂಡಲೇ ಆಸ್ಪತ್ರೆಗೆ ಹೊರಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವುದು ಹೊಸದಲ್ಲವಾದ್ದರಿಂದ, ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಸಕ್ಕರೆ ಪರೀಕ್ಷಿಸುವ ಗ್ಲುಕೋಮೀಟರಿನ ಸ್ಟ್ರಿಪ್‌ಗಳು ಕೆಡದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡಬಹುದೇ?
– ಒಬ್ಬ ಯುವಕ, ತೀರ್ಥಹಳ್ಳಿ

ಉತ್ತರ: ಬೇಡ. ತೇವದಂತೆಯೇ ಶಾಖವೂ ಸ್ಟ್ರಿಪ್‌ಗಳನ್ನು ಕೆಡಿಸುತ್ತದೆ. ಫ್ರಿಜ್ಜಿನಲ್ಲಿಯೂ ಇಡಬೇಡಿ, ಅದು ಇನ್ಸುಲಿನ್ನಿನ ಜಾಗ. ಸ್ಟ್ರಿಪ್‌ಗಳು ತಮ್ಮದೇ ಡಬ್ಬಿಯಲ್ಲಿರಲಿ. ಒಂದನ್ನು ತೆಗೆದ ಕೂಡಲೇ ಮುಚ್ಚಳ ಬಿಗಿಯಾಗಿ ಹಾಕಿ, ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಹಲಸಿನ ಹಣ್ಣು ಬಿಡಿಸಿದ ಕೈಯಲ್ಲಿ ಪರೀಕ್ಷಿಸಿದರೆ ಸಕ್ಕರೆ ಸುಳ್ಳಾಗಿ ಹೆಚ್ಚು ತೋರಿಸುವುದರಿಂದ, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಚುಚ್ಚಿಕೊಳ್ಳಿ. ಮೀಟರ್ 180 ಎನ್ನುತ್ತಿದ್ದರೂ ಮೈ ಬೆವರಿ ಕೈ ನಡುಗುತ್ತಿದ್ದರೆ, ಹೊಸ ಸ್ಟ್ರಿಪ್‌ನಿಂದ ಮತ್ತೊಮ್ಮೆ ನೋಡಿ; ನೋಡಲು ಆಗದಿದ್ದರೆ ಸಕ್ಕರೆ ಕಡಿಮೆಯಾಗಿದೆಯೆಂದೇ ತಿಳಿದು ಮೊದಲು ಸಕ್ಕರೆ ನೀರು ಕುಡಿಯಿರಿ.